ಮೇ ಕೊನೆಗೆ ದಾಳಿಂಬ್ರಿ ಕಡ್ಡಿ, ಲಿಂಬಿ ಬೀಜ: ಈಗ ಹಚ್ಚಬೇಕೋ, ಮಿರಗ ಮಳಿ ಹಿಡಿದ ಮ್ಯಾಲೋ?

ಪ್ರಶ್ನೆ, ಇಂಡಿ ತಾಲ್ಲೂಕಿನಿಂದ
30 ದಾಳಿಂಬ್ರಿ ಕಡ್ಡಿ ಪಾಕೀಟಿನಾಗ ಹಚ್ಚಿ 3 ವಾರ ಆತು. 10 ದಿನಕ್ಕ ಎಲ್ಲಾ ಚಿಗುರಿದ್ವು, ಈಗ ಚಿಗುರು ಕರ್ರಗಾಗಿ ಬಾಡಾಕತ್ತಾವ. ಕಿತ್ತು ನೋಡಿದ್ರ ಬೇರs ಇಲ್ಲ. ಮಣ್ಣು ಹೊಲದ ಎರಿ, ಬೋರಿನ ನೀರು ದಿನಾ ಎರಡು ಹೊತ್ತು. ಕಾಗ್ಜಿ ಲಿಂಬಿ ಬೀಜಾನೂ ಹಾಕೂದೈತಿ. ಒಣಗಿಸಿಟ್ಟು ಮಳಿ ಬಂದ ಮ್ಯಾಲೆ ಹಾಕಿದ್ರ ನಡೀತೈತೇನ್ರಿ?

ಉತ್ತರ, ಬಾಗಲಕೋಟೆ
ಚಿಗುರಿತು ಅಂದ್ರ ಬೇರು ಬಿಟ್ಟೈತಿ ಅಂತಲ್ರಿ. ಮೊದಲ ಚಿಗುರು ಕಡ್ಡಿಯೊಳಗಿನ ಆಹಾರದ ಮ್ಯಾಲೇ ಬರತೈತಿ. 40 ಡಿಗ್ರಿ ಬಿಸಿಲಾಗ ಎಲಿ ಬಿಡೂ ನೀರು ತುಂಬಿಕೊಡಾಕ ಕೆಳಗ ಬೇರಿಲ್ಲ, ಬಾಡತೈತಿ. ಎರಿ ಮಣ್ಣಂತೂ ಬ್ಯಾಡs ಬ್ಯಾಡ. ತೊಯ್ದಾಗ ಗಾಳಿ ಆಡಂಗಿಲ್ಲ, ಬುಡ ಕೊಳೀತೈತಿ. ಒಣಗಿದಾಗ ಬಿರಿದು ಎಳೀ ಬೇರು ಹರೀತೈತಿ. ಮಸಾರಿ (ಕೆಂಪು) ಮಣ್ಣು 2 ಬುಟ್ಟಿ, ಉಸುಕು 1, ಪೂರ್ತಿ ಕಳಿತ ತಿಪ್ಪಿ ಗೊಬ್ಬರ 1 ಕಲಸ್ರಿ. ಎಂ-ಸ್ಯಾಂಡ್ ಇದ್ರ ತೊಳೀರಿ, ಅದರ ಹುಡಿ ಗಟ್ಟಿ ಕೂಡತೈತಿ.

ಕಡ್ಡಿ ಪೆನ್ಸಿಲ್ ದಪ್ಪ, 20ರಿಂದ 25 ಸೆಂ.ಮೀ. ಇರಲಿ. ಕೆಳಗ ಗೆಣ್ಣಿನ ಬುಡಕ್ಕ ಓರೆ ಕೊಯ್ತ, ಮ್ಯಾಲೆ ನೇರ; ತಲಿಕೆಳಗ ಹಚ್ಚೂದು ತಪ್ಪತೈತಿ. ಐಬಿಎ (ಬೇರು ಬರಿಸೂ ಹಾರ್ಮೋನ್ ಪುಡಿ) 250 ಮಿ.ಗ್ರಾಂ. ಮೊದಲು 50 ಮಿ.ಲೀ. ಸ್ಪಿರಿಟ್‌ನಾಗ ಕರಗಿಸಿ, ಆಮೇಲೆ ನೀರು ಕೂಡಿಸಿ 100 ಮಿ.ಲೀ. ಮಾಡ್ರಿ. ನೀರಿಗೆ ನೇರ ಹಾಕಿದ್ರ ಕರಗಂಗಿಲ್ಲ. ಬುಡ 5 ಸೆಕೆಂಡ್ ಅದ್ದಿ, ಮೂರರಾಗ ಎರಡು ಪಾಲು ಹುಗೀರಿ. ಮ್ಯಾಲೆ 50 ಪರ್ಸೆಂಟ್ ನೆರಳ ಪರದೆ ಬೇಕs ಬೇಕು.

ಉತ್ತರ, ವಿಜಯಪುರ
ಲಿಂಬಿ ಬೀಜ ಒಣಗಿಸಿ ಇಡಬೇಡಿ, ಒಣಗಿದಷ್ಟೂ ಮೊಳಕೆಯ ಶಕ್ತಿ ಹೋಗುತ್ತದೆ. ಗಿಡದಲ್ಲೇ ಹಳದಿಯಾದ ಹಣ್ಣು ತಗೊಂಡು, ಸುತ್ತ ಸಿಪ್ಪೆಯನ್ನಷ್ಟೇ ಕೊಯ್ದು ತಿರುವಿ ಬಿಡಿಸಿ. ಚಾಕು ಒಳಗೆ ಇಳಿದರೆ ಬೀಜ ಕತ್ತರಿಸುತ್ತದೆ. ಬೂದಿಯಲ್ಲಿ ತಿಕ್ಕಿ ಲೋಳೆ ತೊಳೆದು, ನೆರಳಲ್ಲಿ ಮೇಲಿನ ತೇವ ಆರಿದ ಕೂಡಲೇ 1ರಿಂದ 1.5 ಸೆಂ.ಮೀ. ಆಳಕ್ಕೆ ಹಾಕಿ. ಮೊಳಕೆಗೆ 2ರಿಂದ 4 ವಾರ ಬೇಕು.

ಒಂದೇ ಬೀಜದಿಂದ ಎರಡು ಮೂರು ಸಸಿ ಬಂದರೆ ಗಾಬರಿ ಬೇಡ, ಕಾಗ್ಜಿಯ ಗುಣವೇ ಅದು. ಒಂದೇ ಸಮ ಬೆಳೆದ ಗಟ್ಟಿ ಸಸಿಗಳು ಸಾಮಾನ್ಯವಾಗಿ ತಾಯಿಗಿಡದಂತೆಯೇ ಇರುತ್ತವೆ. ಕುಂಟಿದ್ದು, ಎಲೆ ಬೇರೆ ರೀತಿ ಕಂಡಿದ್ದು ತೆಗೆದುಬಿಡಿ. ಪಾಕೀಟಿನ ಅಂಚಿಗೆ ಬಿಳಿ ಪದರ ಕಟ್ಟಿದೆಯಾ ನೋಡಿ, ಅದು ಬೋರ್ ನೀರಿನ ಉಪ್ಪು. ದಿನಾ ಎರಡು ಸಲ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಉಪ್ಪು ಮೇಲೇ ಉಳಿಯುತ್ತದೆ. ಮಣ್ಣು ಬೆರಳಿಗೆ ಒಣಗಿದಂತೆ ಕಂಡಾಗ, ಕೆಳಗಿನ ತೂತಿನಿಂದ ಹರಿಯುವಷ್ಟು ಒಮ್ಮೆ ಕೊಡಿ.

ಉತ್ತರ, ಗೋಕಾಕ
ಕರ್ರಗಾಗಿದ್ದು ಬರೀ ಬಿಸಿಲಿಂದ ಅಂತ ತಿಳೀಬ್ಯಾಡ್ರಿ. ಎಲಿ ಬೆಳಕಿಗೆ ಹಿಡೀರಿ. ಎಣ್ಣಿ ಹತ್ತಿದಂಥ ಕಲೆ, ಸುತ್ತ ಹಳದಿ ಇದ್ರ, ಗೆಣ್ಣಿನಾಗ ಕರೀ ಗಾಯ ಇದ್ರ ದುಂಡಾಣು ಅಂಗಮಾರಿ ಇರಬಹುದು. ಅಂಥ ತೋಟದ ಕಡ್ಡಿ ಎಷ್ಟ ಛಲೋ ಕಂಡ್ರೂ ತರಬ್ಯಾಡ್ರಿ, ಹೊಸ ಗಿಡಕ್ಕ ರೋಗ ಅದರ ಜೋಡೀನs ಬರತೈತಿ. ಕತ್ತರಿ ಗಿಡದಿಂದ ಗಿಡಕ್ಕ ಹೋಗೂಮುಂದ ಸ್ಪಿರಿಟ್‌ನಿಂದ ಒರಸ್ರಿ. ಈಗ ಕಡ್ಡಿ ಬಿಟ್ಟು, ಮಿರಗ ಹಿಡಿದ ಮ್ಯಾಲೆ ಗೂಟಿ (ಗಿಡದ ಮ್ಯಾಲಿದ್ದ ಟೊಂಗಿಗೇ ಬೇರು ಬರಿಸೂದು) ಕಟ್ಟೂದs ಪಾಡ.

ಪ್ರಶ್ನೆ ಕೇಳಿದವರು
ಗೂಟಿಗೆ ಪಾಚಿ ಇಲ್ಲಿ ಸಿಗಂಗಿಲ್ಲ. ಕೋಕೋಪೀಟ್ ನಡೀತೈತೇನ್ರಿ?

ಉತ್ತರ, ಗೋಕಾಕ
ನಡೀತೈತಿ. ಹಿಂಡಿದ್ರ ನೀರು ತೊಟ್ಟಿಕ್ಕಬಾರದು, ಅಷ್ಟs ಹಸಿ ಇರಲಿ. ಪೆನ್ಸಿಲ್ ದಪ್ಪದ ಟೊಂಗಿಗೆ 2.5 ಸೆಂ.ಮೀ. ಉಂಗುರದಂಗ ತೊಗಟಿ ತೆಗೀರಿ, ಒಳಗಿನ ಲೋಳಿ ಪದರ ಚಾಕೂಲೆ ಕೆರೀರಿ. ಅದು ಉಳಿದ್ರ ತೊಗಟಿ ಮತ್ತ ಕೂಡತೈತಿ, ಬೇರು ಬರಂಗಿಲ್ಲ. ಅಲ್ಲಿ ಹಸಿ ಕೋಕೋಪೀಟ್ ಇಟ್ಟು, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿ ಕಟ್ರಿ. ಬಿಳಿ ಬೇರು ಕಂದು ಬಣ್ಣಕ್ಕ ತಿರುಗಿದ ಮ್ಯಾಲೆ ಕಟ್ಟಿನ ಕೆಳಗ ಟೊಂಗಿ ಅರ್ಧ ಕೊಯ್ದು ಬಿಡ್ರಿ, ಪೂರ್ತಿ ಬಿಡಿಸೂದು ಇನ್ನೊಂದು ವಾರಕ್ಕ.