ವಾಲ್ ದೋರ್ಚಾದ ಭೂದೃಶ್ಯ ಛಾಯಾಗ್ರಹಣ ಕಾರ್ಯಾಗಾರ: ಮೇ ಕೊನೆಗೆ ಹೋಗುವುದೋ, ಜುಲೈಗೋ?

ಮಳೆಬಿಲ್ಲು_ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಮಳೆಗಾಲ ಬಂತೆಂದರೆ ಮಾಳ್ಶೇಜ್ ಘಾಟ್, ಭಂಡಾರದರಾ, ಲೋಣಾವಳದ ಕಡೆಗೆ ಕ್ಯಾಮೆರಾ ಹಿಡಿದು ಹೊರಡುವುದು ಬಹಳ ವರ್ಷಗಳ ಅಭ್ಯಾಸ. ಈಗ ಇಟಲಿಯ ಟಸ್ಕನಿಯಲ್ಲಿ, ಸಿಯೆನಾ ನಗರದ ದಕ್ಷಿಣಕ್ಕಿರುವ ವಾಲ್ ದೋರ್ಚಾ ಕಣಿವೆಯಲ್ಲಿ ನಡೆಯುವ ಒಂದು ವಾರದ ಭೂದೃಶ್ಯ ಛಾಯಾಗ್ರಹಣ ಕಾರ್ಯಾಗಾರಕ್ಕೆ ಸೇರಬೇಕೆಂದಿದ್ದೇನೆ. ಎರಡು ತಂಡಗಳಿವೆ. ಒಂದು ಮೇ ಕೊನೆಗೆ ಆರಂಭವಾಗಿ ಜೂನ್ ಮೊದಲ ವಾರಕ್ಕೆ ಮುಗಿಯುತ್ತದೆ. ಇನ್ನೊಂದು ಜುಲೈ ಮಧ್ಯದಲ್ಲಿದೆ. ಮೊದಲನೆಯದು ನನ್ನ ರಜೆಗೆ ಹೊಂದುತ್ತದೆ. ಎರಡನೆಯದಕ್ಕೆ ಕಾಲೇಜಿನಿಂದ ರಜೆ ಕೇಳಬೇಕಾಗುತ್ತದೆ, ಆದರೆ ಅದರ ಶುಲ್ಕ ಕಡಿಮೆ.

ನನ್ನ ಪ್ರಶ್ನೆಗಳು ಇವು. ಚಿತ್ರಗಳ ದೃಷ್ಟಿಯಿಂದ ಈ ಎರಡು ಅವಧಿಗಳಲ್ಲಿ ನಿಜವಾದ ವ್ಯತ್ಯಾಸವಿದೆಯೇ? ಒಬ್ಬಳೇ ಹೋಗುತ್ತಿರುವ ನನಗೆ, ಬಾಡಿಗೆ ಕಾರು ಹಿಡಿದು ತಿರುಗುವುದಕ್ಕಿಂತ ಕಾರ್ಯಾಗಾರ ಹೆಚ್ಚಿನದೇನನ್ನು ಕೊಡುತ್ತದೆ? ಹಣ ಕಟ್ಟುವ ಮೊದಲು ಸಂಘಟಕರನ್ನು ಏನೇನು ಕೇಳಬೇಕು? ಇದಕ್ಕಾಗಿ ಬಹಳ ಕಾಲದಿಂದ ಹಣ ಕೂಡಿಟ್ಟಿದ್ದೇನೆ. ಆದ್ದರಿಂದ ಅನುಭವವಿದ್ದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಸಿಂಹಗಡ_ಪುಣೆ

ಮೇಡಂ, ನಮಸ್ಕಾರ. ನಾನು ಪುಣೆಯವನು, ಅದೇ ಕಣಿವೆಯಲ್ಲಿ ಇಂಥದೊಂದು ಕಾರ್ಯಾಗಾರ ಮುಗಿಸಿ ಬಂದಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಮೇ ಕೊನೆಯ ತಂಡಕ್ಕೇ ಸೇರಿಕೊಳ್ಳಿ. ಶುಲ್ಕದ ವ್ಯತ್ಯಾಸ ನಿಮಗೆ ಭರಿಸುವಂತಿದ್ದರೆ ಎರಡನೆಯ ಯೋಚನೆ ಬೇಡ.

ಕಾರಣ ಗೋಧಿ. ಚಿತ್ರಗಳಲ್ಲಿ ನಾವು ಕಾಣುವ ಆ ಅಲೆಯಂಥ ಗುಡ್ಡಗಳ ಮೇಲೆ ಬಹುಪಾಲು ಬೆಳೆಯುವುದು ಗೋಧಿಯೇ, ಮತ್ತು ಅಲ್ಲಿನ ಬಣ್ಣಗಳೆಲ್ಲ ಅದರ ಬೆಳವಣಿಗೆಯನ್ನೇ ಅನುಸರಿಸುತ್ತವೆ. ಏಪ್ರಿಲಿನಿಂದ ಮೇ ಮಧ್ಯದವರೆಗೆ ಗುಡ್ಡಗಳು ಹಚ್ಚಹಸಿರಾಗಿರುತ್ತವೆ. ಮೇ ಕೊನೆಗೆ ತೆನೆ ಬಲಿತು, ತಗ್ಗಿನಲ್ಲಿ ಇನ್ನೂ ಹಸಿರು ಉಳಿದಿರುವಾಗಲೇ ಏರಿನಲ್ಲಿ ಹಳದಿ ಹರಡತೊಡಗುತ್ತದೆ. ಹೊಲದ ಅಂಚುಗಳಲ್ಲಿ ಕೆಂಪು ಪಾಪಿ (ಗಸಗಸೆ ಜಾತಿಯ) ಹೂಗಳಿರುತ್ತವೆ. ಒಂದೇ ಚೌಕಟ್ಟಿನಲ್ಲಿ ಈ ಮೂರು ಬಣ್ಣಗಳು ಸಿಗುವುದು ಆ ಕೆಲವು ವಾರಗಳಲ್ಲಿ ಮಾತ್ರ. ಜೂನ್ ಕೊನೆಯಿಂದ ಜುಲೈ ಮೊದಲ ಭಾಗದೊಳಗೆ ಕೊಯ್ಲು ಮುಗಿದುಬಿಡುತ್ತದೆ. ಜುಲೈ ಮಧ್ಯಕ್ಕೆ ಹೋದವರಿಗೆ ಕಾಣಸಿಗುವುದು ಕೂಳೆ, ಯಂತ್ರಗಳು ಸುತ್ತಿಟ್ಟ ಹುಲ್ಲಿನ ದೊಡ್ಡ ಉರುಳೆಗಳು, ಮತ್ತು ಆ ವರ್ಷ ಯಾವ ಹೊಲದಲ್ಲಿ ಬಿತ್ತಿದ್ದಾರೆಂಬುದರ ಮೇಲೆ ಸೂರ್ಯಕಾಂತಿ. ಅದೂ ಚಿತ್ರಯೋಗ್ಯವೇ, ಆದರೆ ಬಿಸಿಲು ಬಹಳ ಕಠಿಣ, ದೂರದ ಗುಡ್ಡಗಳನ್ನು ಬಿಸಿಗಾಳಿಯ ಮಬ್ಬು ಮುಚ್ಚಿರುತ್ತದೆ. ಅದಲ್ಲದೆ ಸಿಯೆನಾದ ಪಾಲಿಯೊ ಕುದುರೆ ಪಂದ್ಯ ಜುಲೈ 2 ಮತ್ತು ಆಗಸ್ಟ್ 16ರಂದು ನಡೆಯುವುದರಿಂದ ಆ ದಿನಗಳ ಸುತ್ತಮುತ್ತ ಕೋಣೆಗಳು ಸಿಗುವುದೇ ಕಷ್ಟ.

ಇನ್ನು ಬೆಳಕಿನ ವಿಷಯ. ಸಹ್ಯಾದ್ರಿಯಲ್ಲಿ ಪಳಗಿದ ಕಣ್ಣಿಗೆ ಅಲ್ಲಿ ಎಲ್ಲಕ್ಕಿಂತ ಹೊಸದಾಗಿ ತೋರುವುದು ಇದೇ. ಮುಂಬಯಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ವಾಲ್ ದೋರ್ಚಾ 43 ಡಿಗ್ರಿಯಲ್ಲಿ. ನಮ್ಮಲ್ಲಿ ಜೂನ್ ತಿಂಗಳ ಸೂರ್ಯ ದಿಗಂತಕ್ಕೆ ಹೆಚ್ಚುಕಡಿಮೆ ನೆಟ್ಟಗೆ ಇಳಿದುಬಿಡುತ್ತಾನೆ. ಅಲ್ಲಿ ಓರೆಯಾಗಿ, ಬಹಳ ನಿಧಾನವಾಗಿ ಇಳಿಯುತ್ತಾನೆ. ಕೊನೆಯ 6 ಡಿಗ್ರಿ ಇಳಿಯಲು ನಮ್ಮಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಅಲ್ಲಿ ಸುಮಾರು 40 ನಿಮಿಷ ಬೇಕು. ಸೂರ್ಯ ಮುಳುಗಿದ ಮೇಲಿನ ನಸುಬೆಳಕೂ ಅಷ್ಟೇ ದೀರ್ಘ. ಗುಡ್ಡಗಳ ಏರಿಳಿತವನ್ನು ತೋರಿಸುವುದು ಈ ಅಡ್ಡಬೆಳಕೇ. ಏರಿನ ಒಂದು ಮಗ್ಗುಲು ಹೊಳೆಯುತ್ತ ಇನ್ನೊಂದು ನೆರಳಿನಲ್ಲಿರುವ ಆ ಹೊತ್ತಿನಲ್ಲಿ, ಅವಸರವಿಲ್ಲದೆ ಟ್ರೈಪಾಡನ್ನು ಬೇರೊಂದು ಕಡೆಗೆ ಒಯ್ದು ಮತ್ತೆ ಚೌಕಟ್ಟು ಕೂಡಿಸುವಷ್ಟು ಸಮಯ ಸಿಗುತ್ತದೆ. ಸೂರ್ಯ ಆಗ ಈಶಾನ್ಯದಲ್ಲಿ ಹುಟ್ಟುತ್ತಾನೆಂಬುದನ್ನೂ ಗಮನಿಸಿ. ಚಳಿಗಾಲದಲ್ಲಿ ತೆಗೆದ ಪ್ರಸಿದ್ಧ ಚಿತ್ರವೊಂದನ್ನು ನೋಡಿ ಅದೇ ಜಾಗಕ್ಕೆ ಜೂನಿನಲ್ಲಿ ಹೋದರೆ ಬೆಳಕು ಸಂಪೂರ್ಣ ಬೇರೆ ಕಡೆಯಿಂದ ಬೀಳುತ್ತಿರುತ್ತದೆ. ಯಾವ ಋತುವಿನ ಯಾವ ಹೊತ್ತಿಗೆ ಎಲ್ಲಿ ನಿಲ್ಲಬೇಕೆಂದು ತಿಳಿದಿರುವ ಸ್ಥಳೀಯ ಶಿಕ್ಷಕರು ಬೇಕಾಗುವುದು ಇಲ್ಲಿಯೇ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಅರ್ಧ ಇದರಲ್ಲಿದೆ. ಉಳಿದರ್ಧ, ಮಧ್ಯಾಹ್ನದ ವಿಮರ್ಶೆ. ಬೆಳಿಗ್ಗೆ ತೆಗೆದ ಚಿತ್ರಗಳನ್ನು ಅದೇ ದಿನ ಪರದೆಯ ಮೇಲೆ ಹಾಕಿ, ಈ ಸೈಪ್ರೆಸ್ ಮರ ದಿಗಂತದ ರೇಖೆಯನ್ನು ಏಕೆ ಕಡಿಯುತ್ತಿದೆ, ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಏನಾಗುತ್ತಿತ್ತು ಎಂದು ಶಿಕ್ಷಕರು ಬಿಡಿಸಿ ಹೇಳಿ, ಸಂಜೆ ಮತ್ತೆ ಅದೇ ಗುಡ್ಡದ ಮುಂದೆ ನಿಲ್ಲಿಸುತ್ತಾರೆ. ಒಬ್ಬರೇ ತಿರುಗಿದರೆ ಇದು ಸಿಗುವುದಿಲ್ಲ. ಆದ್ದರಿಂದ ಸಂಘಟಕರನ್ನು ಮೊಟ್ಟಮೊದಲು ಕೇಳಬೇಕಾದದ್ದು, ಪ್ರತಿದಿನ ಚಿತ್ರವಿಮರ್ಶೆ ಇದೆಯೇ ಎಂದು. ತಂಡದಲ್ಲಿ ಎಷ್ಟು ಜನ, ಶಿಕ್ಷಕರು ಎಷ್ಟು ಮಂದಿ ಎಂಬುದು ಆಮೇಲಿನದು; ಒಬ್ಬ ಶಿಕ್ಷಕರಿಗೆ ಆರೆಂಟು ಜನರಿಗಿಂತ ಹೆಚ್ಚಿದ್ದರೆ ನಿಮ್ಮ ಚಿತ್ರದ ಮುಂದೆ ಅವರು ನಿಲ್ಲುವ ಸಮಯ ತೀರ ಕಡಿಮೆಯಾಗುತ್ತದೆ. ವಿಮರ್ಶೆಯ ಮಾತೇ ಇಲ್ಲದೆ ಬರೀ ಜಾಗಗಳ ಹೆಸರುಗಳನ್ನು ಪಟ್ಟಿ ಮಾಡಿರುವ ಕಾರ್ಯಾಗಾರಗಳು ಪ್ರವಾಸಗಳಷ್ಟೇ ಎಂದು ನನ್ನ ಅಭಿಪ್ರಾಯ.

ಲೆನ್ಸಿನ ಬಗ್ಗೆ ಒಂದು ಮಾತು. ಘಟ್ಟಗಳಲ್ಲಿ ನಾವು ವೈಡ್ ಆ್ಯಂಗಲ್ ಲೆನ್ಸನ್ನೇ ಹೆಚ್ಚು ಬಳಸುತ್ತೇವೆ. ಅಲ್ಲಿ ಕೆಲಸಕ್ಕೆ ಬರುವುದು 70–200 ಮಿ.ಮೀ. ಜೂಮ್, ಏಕೆಂದರೆ ಒಂದರ ಹಿಂದೊಂದು ನಿಂತ ಗುಡ್ಡದ ಸಾಲುಗಳನ್ನು ಹತ್ತಿರಕ್ಕೆ ತಂದು ಪದರಗಳಾಗಿ ತೋರಿಸುವುದು ಅದೇ. ದಕ್ಷಿಣದ ದಿಗಂತದಲ್ಲಿ 1,738 ಮೀಟರ್ ಎತ್ತರದ ಅಮಿಯಾತಾ ಪರ್ವತವಿದೆ. ಅದನ್ನು ಹಿನ್ನೆಲೆಯಾಗಿ ತರಲೂ ಇದೇ ಲೆನ್ಸ್ ಬೇಕು.

ಸಾಧ್ಯವಾದರೆ ಕಾರ್ಯಾಗಾರಕ್ಕೆ ಮೊದಲು ಸಿಯೆನಾದಲ್ಲಿ ಅರ್ಧ ದಿನ ಇರಿ. ಅಲ್ಲಿನ ಪಲಾತ್ಸೊ ಪುಬ್ಲಿಕೊ ಭವನದ ಗೋಡೆಯ ಮೇಲೆ ಅಂಬ್ರೋಜೊ ಲೊರೆಂಜೆಟ್ಟಿ 1338–39ರಲ್ಲಿ ಬರೆದ ಭಿತ್ತಿಚಿತ್ರವಿದೆ. ಒಳ್ಳೆಯ ಆಡಳಿತವಿದ್ದರೆ ಊರೂ ಹಳ್ಳಿಗಾಡೂ ಹೇಗಿರುತ್ತವೆಂದು ತೋರಿಸುವ ಆ ಚಿತ್ರದಲ್ಲಿ ಗುಡ್ಡ, ಹೊಲ, ದ್ರಾಕ್ಷಿ ತೋಟ, ಕೊಯ್ಲು ಮಾಡುವ ರೈತರು ಎಲ್ಲ ಇದ್ದಾರೆ. ವಾಲ್ ದೋರ್ಚಾ 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಮನುಷ್ಯರು ಯೋಚಿಸಿ ರೂಪಿಸಿದ ನೆಲವೆಂಬ ಕಾರಣಕ್ಕೇ. ಆ ಗೋಡೆಯ ಮುಂದೆ ನಿಂತು ಬಂದವರು ಮರುದಿನ ಹೊಲಗಳನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಮಾಟುಂಗಾ_ವಾಸಿ

ಮೇಲಿನವರು ಚಿತ್ರದ ವಿಷಯ ಹೇಳಿದ್ದಾರೆ. ನಾನು ಕಾಗದಪತ್ರಗಳದ್ದಷ್ಟೇ ಹೇಳುತ್ತೇನೆ. ಬೇಕಾಗಿರುವುದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಲೇಬೇಕು. ಶಾಲಾ ರಜೆಯ ಕಾಲವಾದ್ದರಿಂದ ಮುಂಬಯಿಯಲ್ಲಿ ಏಪ್ರಿಲ್, ಮೇ ತಿಂಗಳಿಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಫೆಬ್ರುವರಿಯಲ್ಲೇ ಮುಗಿಸಿಕೊಳ್ಳಿ. 2024ರ ಜೂನ್‌ನಿಂದ ವೀಸಾ ಶುಲ್ಕ 90 ಯುರೊ, ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯುರೊ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ಪಾಸ್‌ಪೋರ್ಟಿನಲ್ಲಿ ಊರಿನ ವಿಳಾಸವಿರುವ ನಮ್ಮವರು ಬಹಳ ಮಂದಿ. ಹಾಗಿದ್ದರೆ ಡೊಂಬಿವಲಿಯ ವಾಸಕ್ಕೆ ಪುರಾವೆ ಜೊತೆಗಿಟ್ಟುಕೊಳ್ಳಿ. ಸಂಘಟಕರಿಂದ ವಾಸ್ತವ್ಯದ ವಿವರವಿರುವ ಪತ್ರ ಪಡೆಯಿರಿ, ವೀಸಾ ಸಿಗದಿದ್ದರೆ ಎಷ್ಟು ಹಣ ಹಿಂದಿರುಗಿಸುತ್ತಾರೆಂಬುದನ್ನು ಬರಹದಲ್ಲೇ ಪಡೆಯಿರಿ.

ಕ್ಯಾಮೆರಾ, ಲೆನ್ಸ್‌ಗಳು ಬೆಲೆಬಾಳುವಂಥವಾದರೆ ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸೀರಿಯಲ್ ನಂಬರುಗಳನ್ನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳುವುದು ಒಳ್ಳೆಯದು. ವಾಪಸು ಬರುವಾಗ ಇವು ಹೊರಗೆ ಕೊಂಡವಲ್ಲವೆಂದು ತೋರಿಸಲು ಅದೇ ಆಧಾರ. ಹೆಚ್ಚುವರಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಕಾರು ಓಡಿಸುವ ಯೋಚನೆಯಿದ್ದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಬೇಕು. ಹಳೆಯ ಊರುಗಳ ಒಳಭಾಗ ಸಾಮಾನ್ಯವಾಗಿ ವಾಹನ ನಿರ್ಬಂಧಿತ ವಲಯವಾಗಿರುತ್ತದೆ. ಗೊತ್ತಿಲ್ಲದೆ ಒಳಹೊಕ್ಕರೂ ಅಲ್ಲಿನ ನಿಗಾ ಕ್ಯಾಮೆರಾ ಕಾರಿನ ನಂಬರನ್ನು ಸೆರೆಹಿಡಿದು, ದಂಡದ ನೋಟಿಸು ಮನೆಗೇ ಬರುತ್ತದೆ.

ಮಾಂಡೋವಿ_ದಂಡೆ

ಅಕ್ಕಾ, ನಮಸ್ಕಾರ. ನಾನು ಅಂಕೋಲಾದವನು, ಈಗ ಪಣಜಿಯಲ್ಲಿದ್ದೇನೆ. ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಹೋಗಬೇಡಿ ಎನ್ನುತ್ತಿಲ್ಲ; ಆದರೆ ಹೋಗುವ ಮೊದಲಿನ ತಿಂಗಳುಗಳನ್ನು ಹೇಗೆ ಬಳಸುತ್ತೀರೆಂಬುದರ ಮೇಲೆ ಆ ವಾರದ ಫಲ ನಿಂತಿದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಮಳೆಗಾಲದ ಘಟ್ಟದಲ್ಲಿ ಮೋಡ, ಜಲಪಾತ, ಕಣಿವೆಗಳೇ ಅರ್ಧ ಚಿತ್ರವನ್ನು ಕಟ್ಟಿಕೊಡುತ್ತವೆ. ವಾಲ್ ದೋರ್ಚಾ ಹಾಗಲ್ಲ. ಅಲ್ಲಿರುವುದು ಉಳುಮೆಯ ಗೆರೆ, ಒಂಟಿ ತೋಟದ ಮನೆ, ಸಾಲುಮರ, ಬಿಳಿ ಜಲ್ಲಿಯ ದಾರಿ. ಎಲ್ಲವೂ ಮನುಷ್ಯರು ಮಾಡಿಟ್ಟದ್ದು, ಎಲ್ಲವೂ ಗೆರೆ ಮತ್ತು ಅಂತರಗಳ ಲೆಕ್ಕ. ಅಂಥ ನೆಲವನ್ನು ನೋಡುವ ಅಭ್ಯಾಸ ನಮ್ಮ ಹತ್ತಿರದಲ್ಲೇ ಮಾಡಬಹುದು. ಇಲ್ಲಿ ದಿವಾಡಿ, ಚೋಡಣ ದ್ವೀಪಗಳ ಖಾಜಣ ಗದ್ದೆಗಳಿವೆ. ನದಿಯ ಉಪ್ಪುನೀರನ್ನು ಒಡ್ಡು ಕಟ್ಟಿ, ತೂಬಿನ ಬಾಗಿಲುಗಳಿಂದ ಹತೋಟಿಯಲ್ಲಿಟ್ಟು, ಉಪ್ಪು ತಾಳುವ ಭತ್ತ ಬೆಳೆಯುತ್ತ ಬಂದ, ಶತಮಾನಗಳಷ್ಟು ಹಳೆಯ ಭೂಮಿ ಅದು. ಫೆರಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಅಲ್ಲಿರುತ್ತೀರಿ. ಚಳಿಗಾಲದ ಬೆಳಗಿನಲ್ಲಿ ಸೂರ್ಯ ಕೆಳಗಿದ್ದಾಗ ಒಡ್ಡಿನ ಗೆರೆಗಳನ್ನು 70–200ರಲ್ಲಿ ನೋಡಿ. ನಿಮಗೆ ಹತ್ತಿರವೆಂದರೆ ಪುಣೆಯಾಚೆ ಸಾಸವಡ, ಪುರಂದರದ ಕಡೆಯ ಹೊಲಗಳೂ ಸರಿಯೇ.

ಇಟಲಿಯವರೇ ಆದ ಛಾಯಾಗ್ರಾಹಕ ಮಾರಿಯೊ ಜಾಕೊಮೆಲ್ಲಿ (1925–2000) ನನ್ನ ಮಾತಿಗೆ ಸಾಕ್ಷಿ. ಮಾರ್ಕೆ ಪ್ರಾಂತ್ಯದ ಸೆನಿಗಾಲಿಯಾ ಎಂಬ ಊರಿನಲ್ಲಿ ಮುದ್ರಣಾಲಯ ನಡೆಸಿಕೊಂಡಿದ್ದ ಅವರು, ತಮ್ಮ ಊರಿನ ಸುತ್ತಲಿನ ಹೊಲಗಳನ್ನೇ ದಶಕಗಳ ಕಾಲ ಕಪ್ಪುಬಿಳುಪಿನಲ್ಲಿ ಮತ್ತೆ ಮತ್ತೆ ತೆಗೆದರು. ಉಳುಮೆಯ ಗೆರೆಗಳು ಅವರ ಚಿತ್ರಗಳಲ್ಲಿ ಮುದುಕರ ಅಂಗೈಯ ಗೆರೆಗಳಂತೆ ಕಾಣುತ್ತವೆ. ಹೊರಡುವ ಮೊದಲು ಅವರ ಚಿತ್ರಗಳನ್ನು ಚೆನ್ನಾಗಿ ನೋಡಿ, ಇಲ್ಲಿ ತೆಗೆದ ನಿಮ್ಮ ಹೊಲದ ಚಿತ್ರಗಳ ಒಂದು ಪುಟ್ಟ ಕಟ್ಟನ್ನೂ ಜೊತೆಗೆ ಒಯ್ಯಿರಿ. ಶಿಕ್ಷಕರು ಮೊದಲ ದಿನವೇ ನಿಮ್ಮ ಕಣ್ಣು ಎಲ್ಲಿದೆಯೆಂದು ತಿಳಿದುಕೊಂಡರೆ ಉಳಿದ ದಿನಗಳೆಲ್ಲ ನಿಮ್ಮವಾಗುತ್ತವೆ.

ಇನ್ನೊಂದು ಮಾತು, ಹೊಲದೊಳಗೆ ಕಾಲಿಡಬೇಡಿ. ಅವೆಲ್ಲ ಖಾಸಗಿ ಜಮೀನು, ನಿಂತ ಬೆಳೆ. ರೈತನ ಮಗನಾಗಿ ಹೇಳುತ್ತಿದ್ದೇನೆ: ಒಳ್ಳೆಯ ಚೌಕಟ್ಟಿಗಾಗಿ ತೆನೆ ತುಳಿಯುವವರನ್ನು ಕಂಡರೆ ಎಲ್ಲಿಯ ರೈತನಿಗೂ ಹೊಟ್ಟೆ ಉರಿಯುತ್ತದೆ.

ಮಳೆಬಿಲ್ಲು_ಡೊಂಬಿವಲಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇ ತಂಡಕ್ಕೇ ಸೇರಲು ನಿರ್ಧರಿಸಿದ್ದೇನೆ. ಡಿಸೆಂಬರಿನಲ್ಲಿ ದಿವಾಡಿಗೆ ಬರುತ್ತೇನೆ ತಮ್ಮಾ. ಖಾಜಣದ ಬಗ್ಗೆ ನೀವು ಬರೆದದ್ದನ್ನು ಓದಿದ ಮೇಲೆ ಬಾರದೆ ಇರಲಾರೆ. ಪುಣೆಯವರಲ್ಲಿ ಇನ್ನೆರಡು ಪ್ರಶ್ನೆಗಳು. ನನಗೆ ಮೊಣಕಾಲು ನೋವಿದೆ, ದಿನಚರಿ ತಡೆಯುವಂಥದೇ? ನಾನು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ, ಊಟಕ್ಕೇನು?

ಸಿಂಹಗಡ_ಪುಣೆ

ಮೇಡಂ, ನಡಿಗೆಗಿಂತ ನಿದ್ದೆಯದೇ ಸಮಸ್ಯೆ. ಹೆಚ್ಚಿನ ನೋಟದ ಜಾಗಗಳು ರಸ್ತೆಯ ಅಂಚಿನಲ್ಲೇ ಇವೆ. ವಿತಾಲೆತಾ ಎಂಬ ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಮಾತ್ರ ಜಲ್ಲಿಯ ದಾರಿಯಲ್ಲಿ ಸ್ವಲ್ಪ ನಡೆಯಬೇಕಾಗಬಹುದು. ಆದರೆ ಆ ದಿನಗಳಲ್ಲಿ ಸೂರ್ಯ ಬೆಳಿಗ್ಗೆ ಐದೂವರೆಯ ಸುಮಾರಿಗೆ ಹುಟ್ಟಿ ರಾತ್ರಿ ಒಂಬತ್ತಕ್ಕೆ ಸ್ವಲ್ಪ ಮೊದಲು ಮುಳುಗುತ್ತಾನೆ. ಎರಡೂ ಹೊತ್ತು ಹೊರಗಿದ್ದರೆ ರಾತ್ರಿ ಮಲಗಲು ನಾಲ್ಕೈದು ಗಂಟೆಯಷ್ಟೇ ಉಳಿಯುತ್ತದೆ. ಆದ್ದರಿಂದ ಮಧ್ಯಾಹ್ನ ವಿಮರ್ಶೆಯ ನಂತರ ವಿಶ್ರಾಂತಿಗೆ ಬಿಡುವಿದೆಯೇ, ಉಳಿಯುವ ಮನೆ ಕಣಿವೆಯಲ್ಲೇ ಇದೆಯೇ ಎಂದು ಕೇಳಿ. ಸಿಯೆನಾದಿಂದ ಪ್ರತಿದಿನ ಕರೆತರುವ ಕಾರ್ಯಾಗಾರವಾದರೆ ಬೇಡ. ಕೃಷಿ ಮಾಡುತ್ತಲೇ ಅತಿಥಿಗಳನ್ನೂ ಇರಿಸಿಕೊಳ್ಳುವ ‘ಅಗ್ರಿತುರಿಸ್ಮೊ’ ಮನೆಗಳು ಕಣಿವೆಯ ಊರುಗಳಾದ ಪಿಯೆಂಜಾ, ಸಾನ್ ಕ್ವಿರಿಕೊ ಸುತ್ತ ಬಹಳಷ್ಟಿವೆ. ಒಬ್ಬರೇ ಕೋಣೆ ಬೇಕೆಂದರೆ ಸಾಮಾನ್ಯವಾಗಿ ಹೆಚ್ಚುವರಿ ಹಣ ಕೇಳುತ್ತಾರೆ. ಅದು ಶುಲ್ಕದಲ್ಲಿ ಸೇರಿದೆಯೇ ನೋಡಿಕೊಳ್ಳಿ. ರೋಮ್‌ನಿಂದ ಬರುವುದಾದರೆ ಕಿಯುಸಿ ರೈಲು ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಕರೆದೊಯ್ಯುತ್ತಾರೆಯೇ ಎಂದೂ ವಿಚಾರಿಸಿ.

ಊಟಕ್ಕೆ ತೊಂದರೆಯಿಲ್ಲ, ಆದರೆ ಮೊದಲೇ ಬರೆದು ತಿಳಿಸಿ. ಕೈಯಲ್ಲಿ ಹೊಸೆದ ಪಿಚಿ ಎಂಬ ದಪ್ಪ ಪಾಸ್ತಾವನ್ನು ಟೊಮೆಟೊ ಮತ್ತು ದೊಡ್ಡ ಬೆಳ್ಳುಳ್ಳಿಯ ಸಾರಿನಲ್ಲಿ ಕೊಡುತ್ತಾರೆ, ಬಹಳ ರುಚಿ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆಯೇ ಎಂದು ಮಾತ್ರ ಕೇಳಿಕೊಳ್ಳಿ. ತರಕಾರಿ ಸೂಪುಗಳಿಗೆ ಕೆಲವೊಮ್ಮೆ ಮಾಂಸದ ಕಟ್ಟು ಬಳಸುತ್ತಾರೆ. ಪಿಯೆಂಜಾದ ಪ್ರಸಿದ್ಧ ಕುರಿಹಾಲಿನ ಚೀಸನ್ನು ಸಾಮಾನ್ಯವಾಗಿ ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಆದ್ದರಿಂದ ನೀವು ಅದನ್ನು ಬಿಡಬೇಕಾಗುತ್ತದೆ. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಚಟ್ನಿಪುಡಿಯ ಒಂದು ಡಬ್ಬಿ ಜೊತೆಗಿರಲಿ.

ಸಂಘಟಕರಿಂದ ಉತ್ತರ ಬಂದ ಮೇಲೆ ದಿನಚರಿಯನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.