ಕಾಲಮಿತಿಯಲ್ಲಿ ಮುಗಿದರೆ ಹರಕೆಯಾಟ ಸಂದಂತೆಯೇ?

ಹರಕೆಮನೆ: ಅಜ್ಜಿ ಹರಕೆ ಹೇಳಿಕೊಂಡಿದ್ದ ‘ಶ್ರೀ ದೇವಿ ಮಹಾತ್ಮೆ’ ಯಕ್ಷಗಾನ ಆಟದ ಸರದಿ ಕೊನೆಗೂ ಬಂದಿದೆ. ಆದರೆ ಮೇಳದವರು ಸಂಜೆ ಶುರುಮಾಡಿ ಮಧ್ಯರಾತ್ರಿಗೆ ಮಂಗಳ ಹಾಡುತ್ತಾರಂತೆ. “ನಾನು ಹೇಳಿಕೊಂಡದ್ದು ಬೆಳಗಿನವರೆಗಿನ ಆಟ” ಎಂದು ಅಜ್ಜಿಯ ಮುನಿಸು. ಅವರಿಗೆ ಏನು ಹೇಳಲಿ?

ಹಳೆಮದ್ದಳೆ: ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳದಲ್ಲೇ, ಹಾಡು-ವಾದ್ಯದವರ ಸಾಲಿನಲ್ಲೇ, ತಲೆ ನರೆತವನು ನಾನು. ದೊಂದಿ ಹೋಗಿ ಗ್ಯಾಸ್‌ಲೈಟ್ ಬಂತು, ಅದೂ ಹೋಗಿ ವಿದ್ಯುತ್ ದೀಪ ಬಂತು. ಶ್ರುತಿಗೆ ಪುಂಗಿಯ ಬದಲು ಹಾರ್ಮೋನಿಯಂ ಬಂತು. ಆಟ ಕೆಡಲಿಲ್ಲ. ಹಾಗಾಗಿ ಗಡಿಯಾರ ನೋಡಿ ಬೇಸರಿಸಬೇಡಿ, ಏನನ್ನು ಕತ್ತರಿಸುತ್ತಾರೆ ಎಂದು ನೋಡಿ. ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಕಥೆಗೆ ಮುಂಚಿನ ಸ್ತುತಿ-ಕುಣಿತಗಳ ಪೂರ್ವರಂಗಕ್ಕೆ, ಆಮೇಲೆ ವೇಷಗಳ ವೈಭವದ ಪ್ರವೇಶವಾದ ಒಡ್ಡೋಲಗಕ್ಕೆ. ಮಾತು ಮಾತ್ರ ಯಾರೂ ಬಿಡುವುದಿಲ್ಲ, ಹಾಸ್ಯವನ್ನಂತೂ ಕೇಳುವುದೇ ಬೇಡ! ಮಹಿಷಾಸುರನ ವೇಷವನ್ನೇ ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ (ಮುಳ್ಳಿನಂಥ ಬಿಳಿ ಚುಕ್ಕಿ) ಇಡುತ್ತಾ ಕಲಾವಿದ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಗಂಟೆಗಟ್ಟಲೆ ಕೂರುತ್ತಾನೆ. ಸಭೆಯ ಹಿಂದಿನಿಂದ ದೊಂದಿ ಹಿಡಿದು, ರಾಳದ ಪುಡಿ ಎರಚಿ ಬೆಂಕಿ ಭುಗಿಲೆಬ್ಬಿಸುತ್ತಾ ಬರಬೇಕು. ಚೆಂಡೆಯ ಪೆಟ್ಟಿಗೆ ಮಕ್ಕಳು ತಾಯಂದಿರ ಸೆರಗು ಹಿಡಿಯಬೇಕು. ಅದನ್ನು ಎರಡು ನಿಮಿಷದಲ್ಲಿ ಮುಗಿಸಿದರೆ ಇಡೀ ರಾತ್ರಿ ಆಡಿಯೂ ಪ್ರಯೋಜನವಿಲ್ಲ.

ಮುಂಸಾಲು: ಹಿರಿಯರೇ, ಇಡೀ ರಾತ್ರಿ ಎನ್ನುವ ನಮ್ಮಲ್ಲಿ ಎಷ್ಟು ಜನ ಕೊನೆಯಲ್ಲಿ ಶುಂಭ ಬರುವವರೆಗೆ ಎಚ್ಚರ ಇರುತ್ತಿದ್ದೆವು? ಶಿವರಾಮ ಕಾರಂತರು ಮಾತನ್ನೇ ಬಹುಪಾಲು ಕೈಬಿಟ್ಟು, ವಯೊಲಿನ್, ಸ್ಯಾಕ್ಸೊಫೋನ್ ಸೇರಿಸಿ ಆಡಿಸಿದರು. ಸಾಲದ್ದಕ್ಕೆ 2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರ ಬಳಿಕ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದೆ. ಮೇಳದವರು ತಾನೇ ಏನು ಮಾಡಬೇಕು?

ಹಳೆಮದ್ದಳೆ: ಕಾರಂತರದು ರಂಗಪ್ರಯೋಗ, ಇದು ಹರಕೆ. ಎರಡಕ್ಕೂ ಒಂದೇ ಅಳತೆ ಬೇಡ. ಧ್ವನಿವರ್ಧಕದ ವಿಷಯ ಒಪ್ಪಿದೆ. ಅದಿಲ್ಲದ ಕಾಲದಲ್ಲಿ ಹಾಡುವ ಭಾಗವತರ ಸ್ವರ ಗದ್ದೆಯಾಚೆಗೂ ಕೇಳುತ್ತಿತ್ತು ಎಂದರೆ ನೀವು ನಗುತ್ತೀರಿ.

ಹರಕೆಮನೆ: ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. ಚಂಡಮುಂಡರ ಮಾತು ಎಷ್ಟು ಬೇಕಾದರೂ ಮೊಟಕಾಗಲಿ, ಮಹಿಷ ಬರುವಾಗ ಅಂಗಳದ ಟ್ಯೂಬ್‌ಲೈಟ್ ಆರಿಸಬೇಕು, ಅವನನ್ನು ಯಾರೂ ಅವಸರಿಸಬಾರದು ಎಂದು ಷರತ್ತು ಹಾಕಿದ್ದಾರೆ. ಮೇಳದ ವ್ಯವಸ್ಥಾಪಕರಿಗೆ ನಾಳೆ ಫೋನ್ ಮಾಡುತ್ತೇನೆ.