ಶುಕ್ರವಾರ ಮೊದಲ ಸಲ ರಕ್ತ ಕೊಡುತ್ತಿದ್ದೇನೆ, ತೂಕ 47 ಕೆಜಿ, ಸೂಜಿ ಅಂದರೆ ಭಯ

ಅಡಿಕೆತೋಟದ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಶುಕ್ರವಾರ ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರ ಇದೆ. ಎನ್‌ಎಸ್‌ಎಸ್ ಮೇಡಂ ಪಟ್ಟಿ ಹಿಡಿದುಕೊಂಡು ಬಂದಾಗ ಜೋಶ್‌ನಲ್ಲಿ ಹೆಸರು ಬರೆಸಿಬಿಟ್ಟೆ. ಈಗ ಹೊಟ್ಟೆಯಲ್ಲಿ ತಳಮಳ. ವಯಸ್ಸು 20, ತೂಕ 47 ಕೆಜಿ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ನಿನ್ನ ಮೈಯಲ್ಲಿ ರಕ್ತ ಎಲ್ಲಿದೆ ಕೊಡೋಕೆ? ಹೆಣ್ಣುಮಕ್ಕಳು ತಿಂಗಳು ತಿಂಗಳು ಕಳ್ಕೊಳ್ಳೋದೇ ಸಾಲದಾ?" ಅಂದರು. ನನ್ನ ತೂಕಕ್ಕೆ ರಕ್ತ ತೆಗೆದುಕೊಳ್ಳುತ್ತಾರಾ? ಸೂಜಿ ಎಷ್ಟು ದಪ್ಪ ಇರುತ್ತದೆ? ನಿಜ ಹೇಳಿ, ಸಮಾಧಾನಕ್ಕೆ ಸುಳ್ಳು ಬೇಡ. ಇನ್ನೊಂದು, ಶುಕ್ರವಾರ ನಾನು ಉಪವಾಸ ಇರುತ್ತೇನೆ. ಹಾಗೇ ಹೋಗಬಹುದಾ?

ಬ್ಲಡ್‌ಬ್ಯಾಂಕ್_ಟೆಕ್ನಿಷಿಯನ್:
ತಂಗಿ, ಕೊನೆಯ ಪ್ರಶ್ನೆಯೇ ಮುಖ್ಯ. ಉಪವಾಸ ಬೇಡವೇ ಬೇಡ. ಶಿಬಿರಗಳಲ್ಲಿ ಕಣ್ಣು ಕತ್ತಲೆ ಬಂದು ಕೂರುವವರನ್ನು ನೋಡಿದ್ದೇನೆ. ಬೆಳಗ್ಗೆ ತಿಂಡಿ ಬಿಟ್ಟವರು, ರಾತ್ರಿ ನಿದ್ದೆಗೆಟ್ಟವರು, ಆಮೇಲೆ "ನಂಗೇನಾಗತ್ತೆ" ಅಂತ ಮಂಚದಿಂದ ಧಡಕ್ಕನೆ ಎದ್ದು ಹೊರಟ ಗಟ್ಟಿಮುಟ್ಟಾದ ಹುಡುಗರು. ಸೂಜಿಗೆ ಹೆದರಿದವರು ಮುಖ ಆ ಕಡೆ ತಿರುಗಿಸಿಕೊಂಡು ಆರಾಮಾಗಿ ಕೊಟ್ಟು ಹೋಗುತ್ತಾರೆ. ದೇವರು ಒಂದು ವಾರ ಕಾಯುತ್ತಾನೆ, ನೀವು ತಿಂಡಿ ತಿಂದು ಬನ್ನಿ.

ತೂಕ 45 ಕೆಜಿ ಇದ್ದರೆ ಸಾಕು. ನಿಮ್ಮಿಂದ 350 ಮಿಲಿ ತೆಗೆಯುತ್ತಾರೆ. 450 ಮಿಲಿ ಚೀಲ 55 ಕೆಜಿ ದಾಟಿದವರಿಗೆ. ನಿಮ್ಮ ಮೈಯಲ್ಲಿ ಹೆಚ್ಚುಕಡಿಮೆ 3 ಲೀಟರ್ ರಕ್ತ ಇದೆ ಅಂತ ಅಮ್ಮನಿಗೆ ಹೇಳಿ. ಹೋದದ್ದರ ನೀರಿನ ಅಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳಿಗೆ ಮಾತ್ರ ವಾರಗಟ್ಟಲೆ ಬೇಕು. ಹಾಗಂತ ಅಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ. ಗಂಡಸರು 3 ತಿಂಗಳಿಗೊಮ್ಮೆ ಕೊಡಬಹುದು, ಹೆಂಗಸರಿಗೆ 4 ತಿಂಗಳ ಅಂತರ ಇಟ್ಟಿರುವುದು ಸುಮ್ನೆ ಅಲ್ಲ. ಮುಟ್ಟಿನ ದಿನಗಳಲ್ಲಿ ತೆಗೆದುಕೊಳ್ಳುವುದಿಲ್ಲ.

ಮೊದಲು ಬೆರಳು ಚುಚ್ಚುತ್ತಾರೆ. ಆ ಒಂದು ಹನಿಯನ್ನು ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಅಡಿಕೆ ತೋಟದವರಿಗೆ ಆ ಬಣ್ಣ ಹೊಸದಲ್ಲ, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ಸುಣ್ಣದ ಜೊತೆ ಕಲಸುವ ಮೈಲುತುತ್ತವೇ ಅದು. ಹನಿ ಉಂಡೆಯಾಗಿ ಸರ್ರನೆ ತಳ ಮುಟ್ಟಿದರೆ ಹಿಮೋಗ್ಲೋಬಿನ್ 12.5 ಇದೆ ಅಂತ ಅರ್ಥ. ಅಲ್ಲೇ ತೇಲಾಡಿದರೆ ಇವತ್ತು ಬೇಡ ಅನ್ನುತ್ತಾರೆ. ಕೆಲವು ಕಡೆ ಇದಕ್ಕೆ ಚಿಕ್ಕ ಮೆಷಿನ್ ಇದೆ. ನನ್ನನ್ನು ಕೇಳಿದರೆ ತೋಳಿನ ಸೂಜಿಗಿಂತ ಈ ಬೆರಳಿನ ಚುಚ್ಚೇ ಜಾಸ್ತಿ ಉರಿ.

ತೋಳಿನ ಸೂಜಿ ದಪ್ಪವೇ, 16 ಗೇಜ್. ಇಂಜೆಕ್ಷನ್ ಸೂಜಿಗಿಂತ ಖಂಡಿತ ದಪ್ಪ. ಸಣ್ಣದಾದರೆ ರಕ್ತ ನಿಧಾನವಾಗಿ ಬಂದು ದಾರಿಯಲ್ಲೇ ಹೆಪ್ಪುಗಟ್ಟುತ್ತದೆ. ಚುಚ್ಚುವಾಗ ಒಂದು ಕ್ಷಣ ಚುರ್ ಅನ್ನುತ್ತದೆ, ಅಷ್ಟೇ. ಆಮೇಲೆ ಕೈಗೆ ಮೆತ್ತನೆ ಚೆಂಡು ಕೊಟ್ಟು ಅದುಮಲು ಹೇಳುತ್ತಾರೆ. ಹತ್ತು ನಿಮಿಷದೊಳಗೆ ಚೀಲ ತುಂಬುತ್ತದೆ.

ಹಾಸನದ_ಅಣ್ಣ:
ಟೆಕ್ನಿಷಿಯನ್ ಸರ್ ಎಲ್ಲ ಹೇಳಿಬಿಟ್ಟಿದ್ದಾರೆ. ಹೋಗುವ ಮುಂಚೆ ಎರಡು ಲೋಟ ನೀರು ಕುಡೀರಿ, ನರ ಬೇಗ ಸಿಗುತ್ತದೆ. ಬಿಗಿ ತೋಳಿನ ಕುರ್ತಾ ಬೇಡ. ಬಿಸ್ಕತ್ತು, ಜ್ಯೂಸು ಕೊಟ್ಟರೆ ನಾಚಿಕೆ ಪಡದೆ ಅಲ್ಲೇ ಕೂತು ಮುಗಿಸಿ. ಅವತ್ತು ಬಿಂದಿಗೆ ಎತ್ತೋದು, ಜಿಮ್ಮು ಬೇಡ. ಟ್ಯಾಟೂ ಹಾಕಿಸಿ ಒಂದು ವರ್ಷ ಆಗಿಲ್ಲ ಅಂದರೆ ಮೊದಲೇ ಹೇಳಿಬಿಡಿ.

ರಾಗಿಮುದ್ದೆ_ಅಕ್ಕ:
ನನ್ನ ಹನಿ ತೇಲಿತ್ತು ಕಣಮ್ಮ! ಗೆಳತಿಯರೆಲ್ಲ ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಎಷ್ಟು ಸಿಟ್ಟು ಬಂದಿತ್ತು ಅಂದರೆ ಅವರು ಕೊಟ್ಟ ಬಿಸ್ಕತ್ತನ್ನೂ ಮುಟ್ಟಲಿಲ್ಲ. ಆಮೇಲೆ ಡಾಕ್ಟರ್ ಹತ್ತಿರ ಹೋದಾಗ ರಕ್ತಹೀನತೆ ಅಂತ ಗೊತ್ತಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದದ್ದಕ್ಕೂ ಅದೇ ಕಾರಣ. ಕಬ್ಬಿಣದ ಮಾತ್ರೆ ಕೊಟ್ಟರು, ಊಟದ ಜೊತೆ ಟೀ ಬಿಡಿ ಅಂದರು, ಟೀ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲವಂತೆ. ಮುಂದಿನ ವರ್ಷ ಅದೇ ಶಿಬಿರದಲ್ಲಿ ಕೊಟ್ಟು ಬಂದೆ. ವಾಪಸ್ ಕಳಿಸಿದರೆ ಬೇಜಾರು ಮಾಡ್ಕೋಬೇಡಿ, ಡಾಕ್ಟರಿಗೆ ತೋರಿಸಿ.

ಅಡಿಕೆತೋಟದ_ಹುಡುಗಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮೈಲುತುತ್ತ ಅಂದಿದ್ದಕ್ಕೆ ಅಪ್ಪ ನಂಬಲೇ ಇಲ್ಲ, ನಕ್ಕರು! ಶುಕ್ರವಾರ ಮೆಸ್‌ನಲ್ಲಿ ಚಿತ್ರಾನ್ನ, ಗಟ್ಟಿಯಾಗಿ ತಿಂದೇ ಹೋಗುತ್ತೇನೆ. ಇನ್ನೊಂದು ಕೇಳಲಾ ಸರ್? ನನಗೆ ನನ್ನ ರಕ್ತದ ಗುಂಪೇ ಗೊತ್ತಿಲ್ಲ. ಮತ್ತೆ ರೂಮ್‌ಮೇಟ್ ಹೇಳುತ್ತಾಳೆ, ನಾವು ಪುಕ್ಕಟೆ ಕೊಟ್ಟದ್ದನ್ನು ದುಡ್ಡಿಗೆ ಮಾರುತ್ತಾರೆ ಅಂತ. ನಿಜವಾ?

ಬ್ಲಡ್‌ಬ್ಯಾಂಕ್_ಟೆಕ್ನಿಷಿಯನ್:
ರಕ್ತ ಮಾರುವ ಹಾಗಿಲ್ಲ ತಂಗಿ. ದುಡ್ಡಿಗೆ ರಕ್ತ ಕೊಡುವವರ ದಂಧೆಯನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 1998ರ ಜನವರಿಯಿಂದ ನಿಲ್ಲಿಸಲಾಯಿತು. ರೋಗಿ ಕಟ್ಟುವುದು ಚೀಲ, ಪರೀಕ್ಷೆ, ಶೇಖರಣೆಯ ಶುಲ್ಕ. ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗಲೇಬೇಕು. ಆಮೇಲೆ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರೆ ಮಾಡುತ್ತಾರೆ. ಪ್ಲೇಟ್‌ಲೆಟ್ 5 ದಿನಕ್ಕಿಂತ ಜಾಸ್ತಿ ಇಡಲಾಗುವುದಿಲ್ಲ. ಮಳೆಗಾಲದಲ್ಲಿ ಡೆಂಗಿ ಶುರುವಾದಾಗ ನಮಗೆ ಪೀಕಲಾಟ ಆಗುವುದೇ ಅದಕ್ಕೆ.

ಗುಂಪು ಅವರೇ ಪರೀಕ್ಷೆ ಮಾಡುತ್ತಾರೆ. ನೆಗೆಟಿವ್ ಗುಂಪು ಅಪರೂಪ, ನಿಮ್ಮದು ಅದೇ ಆಗಿದ್ದರೆ ಮುಂದೆ ಅರ್ಜೆಂಟ್ ಬಿದ್ದಾಗ ನಿಮ್ಮನ್ನೇ ಹುಡುಕಿಕೊಂಡು ಫೋನ್ ಬರಬಹುದು. ಪರೀಕ್ಷೆಯಲ್ಲಿ ಏನಾದರೂ ಕಂಡರೂ ನಿಮಗೊಬ್ಬರಿಗೇ ಗುಟ್ಟಾಗಿ ತಿಳಿಸುತ್ತಾರೆ. ಆದ್ದರಿಂದ ಫಾರಂನಲ್ಲಿ ಹಾಸ್ಟೆಲ್ ನಂಬರ್ ಬೇಡ, ನಿಮ್ಮ ಸ್ವಂತ ನಂಬರ್ ಬರೆಯಿರಿ.